ಮೊಮ್ಮಗಳ ಥ್ಯಾಂಕ್ಯೂ, ಅವ್ವನ ಸಂಶಯ

ಗೆಳೆಯರ, ಜರ್ಮನಿಯಿಂದ ಸೂಟಿಗೆ ತವರುಮನಿ ಬ್ಯಾಡಗಿಗೆ ಬಂದು ನಾಕು ದಿನ ಆತು. ಇವತ್ತು ಮುಂಜಾನೆ ನಮ್ಮವ್ವ ನನ್ನ ಆರು ವರ್ಷದ ಮಗಳಿಗೆ ರೊಟ್ಟಿ, ಬೆಣ್ಣಿ ಕೊಟ್ಲು. "ಥ್ಯಾಂಕ್ಯೂ ಅಜ್ಜಿ" ಅಂದ್ಲು ಮಗಳು. ನೀರು ಕೊಟ್ಟಾಗೂ ಅದ, ಜಡಿ ಹಾಕಿದಾಗೂ ಅದ.

ಅವ್ವ ನನ್ನ ಹಿತ್ತಲಕ್ಕ ಕರಕೊಂಡು ಹೋದ್ಲು. "ಖರೇ ಹೇಳು, ಕೂಸಿಗೆ ಹೊಡೀತೀರೇನು? ಮಾತಿಗೊಮ್ಮೆ ಥ್ಯಾಂಕ್ಯೂ ಅಂತೈತಿ, ಯಾಕ ಇಷ್ಟು ಅಂಜತೈತಿ?"

"ಅಂಜಿಕಿ ಅಲ್ಲಬೇ, ಸಾಲ್ಯಾಗ ಹಂಗ ಕಲಿಸ್ಯಾರ" ಅಂದೆ.

ಅವ್ವ ನಂಬಲಿಲ್ಲ. ಒಳಗ ಹೋಗಿ ಮಗಳನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು ಕೇಳೇಬಿಟ್ಲು, "ನಿಮ್ಮವ್ವ ನಿನಗ ಭಾಳ ಬೈತಾಳೇನವಾ?"

ಮಗಳು ನನ್ನ ಕಡೆ ನೋಡಿದ್ಲು.

"ಇಲ್ಲಜ್ಜಿ, ಅಪ್ಪಗಷ್ಟ ಬೈತಾಳ."

ಅವ್ವನ ಮುಖ ಅರಳಿತು. "ಹಂಗಾದ್ರ ಎಲ್ಲಾ ಬರೋಬ್ಬರಿ ಐತಿ ಬಿಡು."

ನನ್ನ ಗಂಡನ ಪರವಾಗಿ ಮಾತಾಡೋರು ಈ ಮನ್ಯಾಗ ಒಬ್ರೂ ಇದ್ದಂಗಿಲ್ಲ.