ಮಂಡಿನೋವಿನ ಚೌಕಾಶಿ

ಕೊಬ್ಬರಿ ಕೊಳ್ಳುವವನು ಅಟ್ಟ ಹತ್ತಬೇಕು. ವರ್ಷದ ಹತ್ತಿರ ಸಿಪ್ಪೆಯೊಳಗೇ ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಉಂಡೆ ಲೊಟಲೊಟ ಎಂದರೆ ಸರಿ. ಎಲ್ಲವನ್ನೂ ಅಲ್ಲಾಡಿಸಲು ಯಾವ ರೈತನೂ ಬಿಡುವುದಿಲ್ಲ. ಮುಂದಿನ ಸಾಲಿನಿಂದಷ್ಟೇ ಅಲ್ಲ, ಮೂಲೆಯಿಂದಲೂ ಹತ್ತಿಪ್ಪತ್ತು ಎತ್ತಿ ನೋಡಿ, ನೂರಕ್ಕೆ ಎಪ್ಪತ್ತರಿಂದ ತೊಂಬತ್ತು ಚೆನ್ನಾಗಿವೆ ಎಂದು ಅಂದಾಜು ಕಟ್ಟಬೇಕು. ಒಂದೇ ಅಂಕಿ ಹೇಳುವ ವ್ಯಾಪಾರಿಯನ್ನು ನಂಬಬೇಡಿ. ಸೈಕಲ್ಲಿನಲ್ಲಿ ಶೆಟ್ಟಿಕೆರೆ, ದಬ್ಬೇಘಟ್ಟ ಸುತ್ತಿ ಕಲಿತ ಈ ವಿದ್ಯೆಯನ್ನು ನಾನೇ ಮರೆತದ್ದು ಹೆಂಡತಿಯ ಮಂಡಿಯ ವಿಷಯದಲ್ಲಿ.

ಎಪ್ಪತ್ತರ ದಶಕದ ಕೊನೆ. ತಿಪಟೂರಿನಲ್ಲಿದ್ದೆವು. ಅವಳಿಗೆ ಕೂತರೆ ಏಳಲಾಗದ ನೋವು. ಊರಿಗೆ ಬಂದಿದ್ದ ಎಳೆಯ ಡಾಕ್ಟರೊಬ್ಬರು ಹೊಸ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ಮಂಡಿನೋವಿನ ಹೆಂಗಸರಲ್ಲಿ ಅರ್ಧ ಜನಕ್ಕೆ ಮದ್ದಿನ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿದ್ದರು, ಪರೀಕ್ಷೆ ಮುಗಿಯುವವರೆಗೂ ಅದು ಗುಟ್ಟು. ಅವಳೂ ಒಪ್ಪಿ ಸೇರಿದಳು. ಮೊದಲ ವಾರವೇ ಎದೆಯುರಿ ಶುರುವಾಯಿತು. ನನಗೆ ಸಮಾಧಾನವಾಯಿತು. ಉರಿಯುತ್ತಿದೆ ಎಂದರೆ ನಮಗೆ ಸಿಕ್ಕಿರುವುದು ಅಸಲಿ ಮಾಲು.

ಮೂರು ತಿಂಗಳಾದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. ಅವಳಿಗೆ ಸಿಕ್ಕಿದ್ದು ಅಸಲಿಯೇ, ಬೇಕಿದ್ದರೆ ಮುಂದುವರಿಸಬಹುದು, ಲೆಕ್ಕ ಕೇಳಿ ತೀರ್ಮಾನಿಸಿ ಎಂದರು.

“ಮದ್ದು ತಗೊಂಡವರಿಗೆ, ಮದ್ದಿಲ್ಲದ ಮಾತ್ರೆಯವರಿಗಿಂತ ತಿಂಗಳಲ್ಲಿ ನೋವಿನ ದಿನ ಸರಾಸರಿ ಎರಡೂವರೆ ಕಡಿಮೆ. ಆದರೆ ನಾವು ನೋಡಿದ್ದು ಸ್ವಲ್ಪ ಜನರನ್ನ. ನಿಜವಾದ ವ್ಯತ್ಯಾಸ ಆರು ದಿನ ಕಡಿಮೆಯಿಂದ ಒಂದು ದಿನ ಜಾಸ್ತಿವರೆಗೆ ಎಲ್ಲಿ ಬೇಕಾದ್ರೂ ಇರಬಹುದು.”

ಇಂಥ ಮಾತಿನಲ್ಲೇ ಅನ್ನ ತಿಂದವನು ನಾನು. “ನೀವೊಂದು ಕಡೆ ಎಳೀಬ್ಯಾಡಿ, ನಾನೊಂದು ಕಡೆ ಎಳೆಯಲ್ಲ. ಎರಡೂವರೆಗೆ ಮುಗಿಸ್ಬುಡಿ ಡಾಕ್ಟ್ರೇ.”

“ಇದು ಮುಗಿಸೋ ರೇಟಲ್ಲ ಯಜಮಾನ್ರೇ.”

“ಹೋಗ್ಲಿ, ಎರಡು. ನಿಮ್ಮಾತೂ ಬ್ಯಾಡ, ನಮ್ಮಾತೂ ಬ್ಯಾಡ.”

“ಆ ಎರಡು ತುದಿ ನಡುವೆ ಸೊನ್ನೆನೂ ಇದೆ. ಅಂದ್ರೆ ಈ ಮಾತ್ರೆಯಿಂದ ಏನೂ ಆಗ್ದೇ ಇರಬಹುದು. ಇನ್ನೂ ನೂರಾರು ಜನರನ್ನ ನೋಡಿದ್ರೆ ಅಂತರ ಕಿರಿದಾಗುತ್ತೆ. ಚೌಕಾಶಿಗೆ ಆಗಲ್ಲ.”

ಆಗ ಅಟ್ಟ ನೆನಪಾಯಿತು. ಹತ್ತು ಕಾಯಿ ಅಲ್ಲಾಡಿಸಿದವನ ಅಂದಾಜು ಅಗಲ, ಇನ್ನೂರು ಅಲ್ಲಾಡಿಸಿದವನದು ಕಿರಿದು. ರೈತನೊಡನೆ ಎಷ್ಟು ಗುದ್ದಾಡಿದರೂ ಒಳಗಿನ ಉಂಡೆ ಬದಲಾಗುವುದಿಲ್ಲ. ಹಾಗೆಂದು ಡಾಕ್ಟರ ಮುಂದೆ ಒಪ್ಪಿಕೊಳ್ಳಲಿಲ್ಲ.

“ಒಂದೂವರೆಯಾದ್ರೂ ಮಾಡಿ” ಎಂದೆ.

ಹೆಂಡತಿ ನಡುವೆ ಬಾಯಿ ಹಾಕಿದಳು. “ಇವ್ರು ಹಂಗೇ ಕಣಪ್ಪ, ಬುಡು. ಎದೆಯುರಿ ಲೆಕ್ಕ ಹೇಳು. ಅದು ಎಷ್ಟರಿಂದ ಎಷ್ಟು?”

ಡಾಕ್ಟರು ಹಾಳೆ ತಿರುವಿದರು. “ತಿಂಗಳಿಗೆ ಮೂರು ದಿನದಿಂದ ಒಂಬತ್ತು ದಿನ ಜಾಸ್ತಿ.”

“ಅದ್ರಲ್ಲಿ ಸೊನ್ನೆ ಐತಾ?”

“ಇಲ್ಲಮ್ಮ.”

ಅವಳು ನನ್ನ ಕಡೆ ತಿರುಗಿದಳು. “ಉರಿ ಗ್ಯಾರಂಟಿ, ಗುಣ ಅನುಮಾನ. ಇಂಥ ಮಾಲು ನೀವಾದ್ರೆ ತಗಂತೀರಾ?”

ತೆಗೆದುಕೊಳ್ಳುತ್ತಿರಲಿಲ್ಲ. ಉಳಿದ ಮಾತ್ರೆಗಳನ್ನು ಮೇಜಿನ ಮೇಲಿಟ್ಟು ಎದ್ದಳು. ಏಳಲು ನನ್ನ ಭುಜ ಹಿಡಿದಳು.

ನೆಲದೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುವುದನ್ನಾದರೂ ತಪ್ಪಿಸಿ ಎಂದರು ಡಾಕ್ಟರು. ಅಮ್ಮಸಂದ್ರದ ಸಿಮೆಂಟು ತರಿಸಿ, ನಿಂತೇ ಅಡುಗೆ ಮಾಡುವಂತೆ ಸೊಂಟದೆತ್ತರಕ್ಕೆ ಅಡುಗೆಕಟ್ಟೆ ಕಟ್ಟಿಸಿದೆ. ಎದೆಯುರಿ ವಾರದಲ್ಲಿ ಹೋಯಿತು. ಕಟ್ಟೆಯಿಂದ ಮಂಡಿನೋವು ಕಡಿಮೆಯಾಯಿತೋ ಇಲ್ಲವೋ ಹೇಳಲಾರೆ. ಕಟ್ಟೆಯಿಲ್ಲದವಳೊಬ್ಬಳ ಜೊತೆ ಹೋಲಿಸಬೇಕು, ನನಗಿದ್ದವಳು ಒಬ್ಬಳೇ. ಅವಳನ್ನೇ ಕೇಳಿದರೆ, “ನೋವು ಐತೆ ಕಣ್ರೀ. ನಿಮ್ಮನ್ನ ಬೈಯೋಕೆ ಎದ್ದೇಳೋ ಕಷ್ಟ ತಪ್ತು” ಎನ್ನುತ್ತಿದ್ದಳು.