ಎರಡು ಸಲ ಬಂದ ರಕ್ತದ ಗುಂಪು

ಸಾಫ್ಟ್‌ವೇರ್ ಬರೆಯುವವನಾದರೂ ಹೊಸ ಆವೃತ್ತಿ ಎಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಗಂಗಾವತಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಕಂಪ್ಯೂಟರು ನಡೆಯುವುದು ಕೊಪ್ಪಳದ ಮನೆಯಲ್ಲಿ ಕೂತು ನಾನು ಬರೆದದ್ದರಿಂದ. ಹೆದರದೆ ಏನು ಮಾಡಲಿ?

ನಾನು ಪ್ರೋಗ್ರಾಮು ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕು, ಅದರ ಈ ಸಲದ ಆವೃತ್ತಿಯಲ್ಲಿ ಜೇಸನ್‌ಗೆ ಹೊಸ ಸೌಲಭ್ಯ ಬಂದಿತ್ತು. ಜೇಸನ್ ಎಂದರೆ ಪರದೇಶದ ಗೃಹಸ್ಥನಲ್ಲ. ಒಂದು ಪ್ರೋಗ್ರಾಮು ಇನ್ನೊಂದಕ್ಕೆ ಬರೆದು ಕಳಿಸುವ ಚೀಟಿ. ಹೆಸರು ಇಂಥದು, ವಯಸ್ಸು ಇಷ್ಟು, ಹೀಗೆ. ಅದರಲ್ಲಿ ಒಂದೇ ವಿಷಯ ಎರಡು ಸಲ ಬಂದರೆ ಹಳೆಯ ಆವೃತ್ತಿ ಕೊನೆಯದನ್ನು ಇಟ್ಟುಕೊಂಡು ಸುಮ್ಮನಾಗುತ್ತಿತ್ತು. ಹೊಸದರಲ್ಲಿ ಕಟ್ಟುನಿಟ್ಟಿನ ಆಯ್ಕೆಯಿದೆ: ಚೀಟಿಯನ್ನೇ ತಿರಸ್ಕರಿಸುತ್ತದೆ. ನನ್ನ ಮೇಜು ನೋಡಿದವರು ನಂಬಲಿಕ್ಕಿಲ್ಲ, ಆದರೆ ಶಿಸ್ತೆಂದರೆ ನನಗೆ ಪ್ರಾಣ. ಆಯ್ಕೆ ಹಾಕಿಬಿಟ್ಟೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಲ್ಯಾಬ್ ನೋಡಿಕೊಳ್ಳುವ ಶಾಹೀನಾ ಮೇಡಂ ಫೋನ್ ಮಾಡಿದರು. “ಸರ್, ಏನ್ ಮಾಡಿಟ್ಟೀರಿ? ಸಿದ್ದಾಪುರದಾಕಿ ಒಬ್ಬಾಕಿದು ರಿಪೋರ್ಟ್ ಕಂಪ್ಯೂಟರ್ ತಗೊಳ್ಳಾಕ ಒಲ್ಲದು. ಮಧ್ಯಾಹ್ನ ಆಕಿಗೆ ಆಪರೇಷನ್ ಐತ್ರಿ. ರಕ್ತ ತರಸಬೇಕು.”

ಕಟ್ಟುನಿಟ್ಟು ತೆಗೆದುಬಿಡೋಣವೆಂದು ಕೂತವನು, ಯಾಕೋ, ತಿರಸ್ಕಾರದ ಕಾರಣ ಓದಿದೆ. ರಕ್ತದ ಗುಂಪು ಎರಡು ಸಲ ಇತ್ತು: ಮೊದಲು ಓ ಪಾಸಿಟಿವ್, ಆಮೇಲೆ ಬಿ ಪಾಸಿಟಿವ್. ಮೊದಲನೆಯದು ಆ ದಿನದ ಪರೀಕ್ಷೆಯದು, ಎರಡನೆಯದು ಹೆಸರು ನೋಂದಾಯಿಸಿದಾಗ ಬರೆಸಿದ್ದು. ಅವು ಬೇರೆಬೇರೆಯಾದಾಗ ಎರಡನ್ನೂ ಒಂದೇ ಚೀಟಿಗೆ ತುರುಕುತ್ತಿದ್ದ ಮಹಾಶಯ ನಾನೇ.

“ಮೇಡಂ, ಆಕಿದು ಇನ್ನೊಮ್ಮೆ ಟೆಸ್ಟ್ ಮಾಡ್ರಿ.”

“ಯಾಕ್ರಿ, ನನ್ನ ಮ್ಯಾಲ ನಂಬಿಕಿ ಇಲ್ಲೇನು?”

“ನನ್ನ ಮ್ಯಾಲ ಇಲ್ರಿ.”

ಅರ್ಧ ಗಂಟೆ ಮನೆಯೊಳಗೇ ಅಡ್ಡಾಡಿದೆ. ಮತ್ತೆ ಫೋನ್ ಬಂತು. “ಓ ಪಾಸಿಟಿವೇ ಖರೆ ಸರ್. ನೋಂದಣಿ ದಿನ ತಪ್ಪಿ ನಾದಿನಿದು ಕಾರ್ಡ್ ತೋರ್ಸ್ಯಾರಂತ.” ರಕ್ತ ಕೊಡುವ ಮುಂಚೆ ಹೇಗೂ ಹೊಂದಿಸಿ ನೋಡುತ್ತಾರೆಂದು ಸಮಾಧಾನವನ್ನೂ ಹೇಳಿದರು. ಮಧ್ಯಾಹ್ನ ಆಕೆಗೆ ಹೆಣ್ಣು ಕೂಸು ಹುಟ್ಟಿತು, ತಾಯಿ ಆರಾಮ.

ನನಗೆ ಮಾತ್ರ ಆರಾಮವಿಲ್ಲ. ಹಳೆಯ ಆವೃತ್ತಿ ಏನೇನು ನುಂಗಿಕೊಂಡಿತ್ತೋ! ಗಂಗಾವತಿಗೆ ಹೋಗಿ ಮೇಡಂ ಜೊತೆ ಕೂತು ಹಿಂದಿನ ದಾಖಲೆಗಳನ್ನೆಲ್ಲ ತಿರುವಿದೆ. ಇರಕಲ್ಲಗಡದ ಒಬ್ಬಾಕೆಯ ರಕ್ತದ ಗುಂಪೂ ಅದಲುಬದಲಾಗಿತ್ತು. ತಡವರಿಸುತ್ತಲೇ ಆಕೆಯ ಗಂಡನಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಹೇಳಿ, ಆಸ್ಪತ್ರೆಗೆ ಬಂದು ಕಾರ್ಡ್ ತಿದ್ದಿಸಿಕೊಳ್ಳಲು ಬೇಡಿಕೊಂಡೆ.

ಆತ ಹೇಳಿದ: “ಆಕಿಗೇನೂ ಆಗಿಲ್ಲ, ಛಲೋ ಅದಾಳ್ರಿ. ಅಲ್ರಿ, ತಪ್ಪು ಮಾಡುವಾಗ ಹೆದರಲಿಲ್ಲ, ಹೇಳುವಾಗ ಯಾಕ ಹೆದ್ರಾಕತ್ತೀರಿ?”

ನಾಳೆಯೇ ಬರುವುದಾಗಿ ಅವನೇ ಹೇಳಿದ. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ, ಅವನು ಎರಡನ್ನೂ ಒಪ್ಪಿಕೊಂಡ.