ಶ್ರೀರಂಗಪಟ್ಟಣದ ಸೊಪ್ಪು

ರೇಷ್ಮೆ ಹುಳುಗಳು ಗೂಡು ಕಟ್ಟಿದ ಮೇಲಷ್ಟೇ ನಮ್ಮಪ್ಪ ಶಿಡ್ಲಘಟ್ಟ ಬಿಟ್ಟು ಕದಲುತ್ತಿದ್ದರು. ಐವತ್ತರ ದಶಕದಲ್ಲಿ ಅಂಥದ್ದೊಂದು ಬಿಡುವು ಸಿಕ್ಕಾಗ ನಮ್ಮನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಹೋಟೆಲು ದಂಡ, ಜಟಕಾ ದಂಡ ಎಂದು ಬುತ್ತಿ ಹೊರಿಸಿ ಬಿಸಿಲಲ್ಲಿ ನಡೆಸಿದರು. ಇನ್ನೇನು ರಂಗನಾಥನ ಗುಡಿ ಬಂತು ಅನ್ನುವಾಗ ದಾರಿ ಪಕ್ಕ ಒಂದು ಹಿಪ್ಪುನೇರಳೆ ತೋಟ ಕಂಡಿತು. ಅಲ್ಲಿಗೆ ಮುಗಿಯಿತು. ಅಪ್ಪ ಒಳಗೆ ನುಗ್ಗಿ, ಎಲೆ ಕಿತ್ತು ಮಡಚಿ ನೋಡುತ್ತ, ತೋಟದವನ ಜೊತೆ ಮಾತಿಗೆ ನಿಂತರು.

"ದೇವ್ರನ್ನ ನೋಡಕ್ಕೆ ಬಂದ್ವೋ, ಸೊಪ್ಪು ನೋಡಕ್ಕೆ ಬಂದ್ವೋ?" ಎಂದು ಅಮ್ಮ ಕೂಗಿದಳು.

"ಬಂದೆ ಇರೇ" ಎಂದ ಅಪ್ಪ ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿ ಗುಡಿಯ ಬಾಗಿಲು ಹಾಕಿದ್ದರು. ಸಂಜೆವರೆಗೆ ಕಾದರೆ ರೈಲು ತಪ್ಪುತ್ತದೆ, ಉಳಿದರೆ ಖರ್ಚು ಎಂದು ಹಾಗೇ ವಾಪಸು ಹೊರಡಿಸಿದರು.

ಶ್ರೀರಂಗಪಟ್ಟಣ ಹೇಗಿತ್ತು ಎಂದು ಪಕ್ಕದ ಮನೆಯವರು ಕೇಳಿದಾಗ ಅಪ್ಪ ಹೇಳಿದರು: "ಎಲೆ ಅಗಲ ಐತೆ ಕಣಪ್ಪ, ಆದ್ರೆ ನಮ್ದಷ್ಟು ದಪ್ಪ ಇಲ್ಲ."